ಒಂದು ಗೆಣ್ಣು ಸಡಿಲ

ಯಾವ ಎಣ್ಣೆ ಒಳ್ಳೇದು ಎಂದು ಕೇಳಿದೆ.
ಹೊನ್ನೂರವಲಿ ತಲೆ ಎತ್ತಲಿಲ್ಲ.
‘ಯಾವ ದಾರಿ?’ ಅಂದ.

ದಾರಿ ಹೇಳಿದೆ:
ಬೆಳಗಿನ ಆರಕ್ಕೆ ಕೌಲ್ ಬಜಾರ್ ಬಿಟ್ಟು
ಕುಡತಿನಿ, ತೋರಣಗಲ್ಲು, ತಾರಾನಗರ,
ಸಂಡೂರು ದಾಟಿ ಸುಶೀಲಾನಗರದ ತಾಂಡಾ.
ಹಿಂದಿನ ಸೀಟಿಗೆ ಬಿಗಿದ ನೀಲಿ ಡಬ್ಬಿ,
ಡಬ್ಬಿಯೊಳಗೆ ಮಂಜುಗಡ್ಡೆ, ಅದರ ನಡುವೆ
ಊರೂರಿನವರು ಕೆಮ್ಮಿ ಕೊಟ್ಟ ಕಫ,
ಹೆಸರು, ವಯಸ್ಸು ಬರೆದ ಪುಟ್ಟ ಸೀಸೆಗಳಲ್ಲಿ.
ಮಧ್ಯಾಹ್ನದೊಳಗೆ ಬಳ್ಳಾರಿಯ ಲ್ಯಾಬು ಮುಟ್ಟಬೇಕು.
ಚೈನ್ ಕವರ್ ಎಂದೋ ಉದುರಿ ಹೋಗಿದೆ, ಎಲ್ಲಿ ಅಂತ ಗೊತ್ತಿಲ್ಲ.

ಅವನು ಚೈನಿನ ಮೇಲೆ ಉಗುರಿನಿಂದ ಗೀರಿದ.
ಮೇಲೆ ಕೆಂಪು. ಅದರಡಿ ಬೂದಿ.
ತೀರ ಕೆಳಗೆ ಹೋದ ಮಳೆಗಾಲದ ಎರೆಮಣ್ಣು, ಕಲ್ಲಾಗಿ.
‘ಇದು ಸಂಡೂರು, ಇದು ಕುಡತಿನಿ’ ಅಂದ,
ರೇಷನ್ ಕಾರ್ಡು ಓದುವವನ ಹಾಗೆ.
‘ಗ್ರೀಸ್ ಮೆತ್ತಿಯೇನಕ್ಕ?’

ಮೆತ್ತಿದ್ದೆ.
ಹೋಳಿಗೆಗೆ ತುಪ್ಪ ಸುರಿದ ಹಾಗೆ.

‘ಧೂಳಿಗೆ ಒಣ ಕಬ್ಬಿಣ ಬೇಕಿಲ್ಲ.
ಒದ್ದೆ ಎಲ್ಲೈತೋ ಅಲ್ಲೇ ಹೋಗಿ ಕುಂದ್ರತೈತೆ.
ಕುಂತು, ಎಣ್ಣೆ ಕುಡಿದು, ಅರ ಆಗತೈತೆ,
ಒಳಗಿಂದ ತಿನ್ನತೈತೆ.’
ನಾನು ನೀಲಿ ಡಬ್ಬಿಯ ಕಡೆ ನೋಡಿದೆ.
ಅವನು ನೋಡಲಿಲ್ಲ. ಚೈನಿನ ಮಾತಷ್ಟೇ ಆಡುತ್ತಿದ್ದ.

ಸುಟ್ಟ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ,
ನಾಲ್ಕು ಮೈಲಿಗೆ ಎಲ್ಲಾ ಹಾರಿ ಪ್ಯಾಂಟಿನ ಮೇಲಿರುತ್ತದೆ.
ಮೇಣದ ಸ್ಪ್ರೇ ಕೈಗೆತ್ತಿಕೊಂಡ, ‘ಈ ದಾರಿಗೆ ಇದೇ ರಾಜ.
ಕಿಲೋಮೀಟರಿಗೆ ಏನು ಕೊಡ್ತಾರೆ ನಿಂಗೆ?’
ಹೇಳಿದೆ.
ಸ್ಪ್ರೇಯನ್ನು ಮೆಲ್ಲಗೆ ಗೂಡಿಗೇ ಇಟ್ಟು
ತೊಂಬತ್ತರ ಗೇರ್ ಆಯಿಲ್ ಒಂದು ಕ್ವಾರ್ಟರ್ ಬಾಟಲಿಗೆ ಬಗ್ಗಿಸಿದ.

ಮೊದಲು ಸೀಮೆಎಣ್ಣೆ, ಹಲ್ಲುಜ್ಜಿ ಬಿಟ್ಟ ಬ್ರಷ್ಷು.
ರಾತ್ರಿ ಬಂದು ಚೈನಿನ ಕಾವು ಆರುವ ಮುಂಚೆ
ಒಳಮೈಗೆ, ಕೊಂಡಿಗೊಂದು ಹನಿ.
ರಾತ್ರಿಯಿಡೀ ಅದು ಇಳಿಯಲಿ.
ಬೆಳಿಗ್ಗೆ ಹಳೇ ಬನಿಯನ್ನಿನಿಂದ ಒರೆಸು,
ಹಚ್ಚಲೇ ಇಲ್ಲವೇನೋ ಅನ್ನುವ ಹಾಗೆ ಒರೆಸು.
‘ಹಚ್ಚೋದು ಒಂದು ಪಾಲು, ಒರೆಸೋದು ಮೂರು ಪಾಲು.
ಯಾರೂ ಒರೆಸಲ್ಲ.’

ಕೊನೆಗೆ ಕೆಳಗಿನ ಎಳೆಯನ್ನು ನಡುವಿಗೆ ಹಿಡಿದು
ಮೇಲೆ ಕೆಳಗೆ ಆಡಿಸಿದ. ಎಷ್ಟು ಸಡಿಲ ಇರಬೇಕು, ಕೇಳಿದೆ.
ತೋರುಬೆರಳು ಎತ್ತಿದ.
ತುದಿಯ ಗೆಣ್ಣು ಇರಲಿಲ್ಲ.
‘ಇಲ್ಲಿ ಎಷ್ಟು ಇಲ್ಲವೋ, ಅಷ್ಟು.’

ಹದಿನಾರರ ವಯಸ್ಸು. ಗಾಡಿ ಸ್ಟ್ಯಾಂಡಿನ ಮೇಲೆ, ಗೇರಿನಲ್ಲಿ,
ಚಕ್ರ ತಾನೇ ತಿರುಗುತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆಂದು
ಬಟ್ಟೆ ಹಿಡಿದ. ಮೊದಲು ಬಟ್ಟೆ ಹೋಯಿತು.
‘ಉಸ್ತಾದ್ ಬೈಯಲೇ ಇಲ್ಲಕ್ಕ.’
ಕೀ ಕಿತ್ತು ನನ್ನ ಅಂಗೈಗಿಟ್ಟು ಬೆರಳು ಮಡಚಿದ.
ಚೈನ್ ಮುಟ್ಟುವಾಗ ಇದು ಜೇಬಿನಲ್ಲಿರಬೇಕು.

ಈಗ ಗಾಡಿ ಸದ್ದೇ ಮಾಡುವುದಿಲ್ಲ.
ತಾಂಡಾದ ಸಕ್ರಿಬಾಯಿಗೆ ಅದೇ ತಕರಾರು:
ಮೊದಲಾದರೆ ತಿರುವಿನಲ್ಲೇ ನಿನ್ನ ಚೈನು ಕಿರ್ರೆನ್ನುತ್ತಿತ್ತು,
ಎದ್ದು ಬಾಯಿ ಮುಕ್ಕಳಿಸಿ, ಸೀಸೆ ಹಿಡಿದು ಕೂರುತ್ತಿದ್ದೆ.
ಈಗ ಕಳ್ಳಿಯ ಹಾಗೆ ಬಂದು ನಿಲ್ಲುತ್ತೀ.
ಹೇಳಿ ನಗಲು ಹೋದಳು, ನಗು ಕೆಮ್ಮಾಯಿತು,
ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು.
ಗಾಡಿಗೆ ಒರಗಿ ಕಾದೆ. ಅದಿರಿನ ಲಾರಿಗಳು ಸಾಲಾಗಿ ಹೋದವು.
ಬೆಳಿಗ್ಗೆ ಒರೆಸಿದ ಚೈನಿನ ಮೇಲೆ
ಆಗಲೇ ತೆಳ್ಳಗೆ ಕೆಂಪು.

ಆ ತಿರುವು ಬಂದಾಗ ಈಗ
ಎರಡು ಸಲ ಹಾರ್ನ್ ಒತ್ತುತ್ತೇನೆ.